ಎರಡು ಪೆನ್ನಿನ ಶುಶ್ರೂಷೆ

ಒಬ್ಬ ಹಿರಿಯರ ಎಡಗೈಯನ್ನು ನಾನು ಮೂರು ದಿನ ಮಂಚಕ್ಕೆ ಕಟ್ಟಿಟ್ಟಿದ್ದೆ. ಕಟ್ಟಿದ್ದಕ್ಕೆ ಯಾರೂ ನನ್ನನ್ನು ಬೈಯುವಂತಿಲ್ಲ. ಗಂಟಲೊಳಗೆ ಉಸಿರಾಟದ ಟ್ಯೂಬ್ ಇರುವ ರೋಗಿ ಅರೆಮಂಪರಿನಲ್ಲಿ ಅದನ್ನು ಕಿತ್ತುಕೊಂಡುಬಿಟ್ಟರೆ ಏನಾಗುತ್ತದೆ ಎಂಬುದನ್ನು ಐಸಿಯುನಲ್ಲಿ ಒಂದು ವಾರ ಕೆಲಸ ಮಾಡಿದವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ದಾರಿಯೇ ಇಲ್ಲದಾಗ ಕೈ ಕಟ್ಟಬೇಕಾಗುತ್ತದೆ. ನನ್ನ ತಪ್ಪು ಇದ್ದದ್ದು ಕಟ್ಟಿದ ಮೇಲೆ. ಕಟ್ಟಿದ ಕೈಯನ್ನು ನೋಡುವುದು ಬಿಟ್ಟು ಅದರ ಬಗ್ಗೆ ಬರೆಯುತ್ತಾ ಕೂತೆ. ಬರೆಯುವುದರಲ್ಲಂತೂ ಆಗ ನಮ್ಮ ಆಸ್ಪತ್ರೆಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ.

ಆಸ್ಪತ್ರೆಯ ಹೆಸರು ಬೇಡ. ಮೈಸೂರಿನಲ್ಲಿ ಈಗ ಅಂಥವು ಬೇಕಾದಷ್ಟಿವೆ. ಬಾಗಿಲಲ್ಲೊಂದು ಗಣಪತಿ, ಗಣಪತಿಯ ಪಕ್ಕದಲ್ಲೊಂದು ಕಾಫಿ ಮಿಷನ್ನು, ಅದರ ಪಕ್ಕದಲ್ಲಿ ನಗುವ ಹೆಂಗಸಿನ ಚಿತ್ರವಿರುವ ಬೋರ್ಡು, ಬೋರ್ಡಿನ ಕೆಳಗೆ ಕೂತು ಅಳುವ ಜನ. ನಾನು ಕೆಸರೆಯಿಂದ ಎರಡು ಬಸ್ಸು ಬದಲಾಯಿಸಿ ಏಳೂವರೆಗೆಲ್ಲ ಅಲ್ಲಿರುತ್ತಿದ್ದೆ. ಹದಿನಾರು ವರ್ಷದ ಸರ್ವೀಸು. ಹೊಸ ಸಿಸ್ಟರುಗಳಿಗೆ ಕೆಲಸ ಕಲಿಸುವವಳೂ ನಾನೇ, ಡಾಕ್ಟರುಗಳಿಗೆ ಎದುರು ಮಾತಾಡುವವಳೂ ನಾನೇ. ನಾಲಿಗೆ ಸ್ವಲ್ಪ ಉದ್ದ ಎಂದು ಮನೆಯಲ್ಲೂ ಹೇಳುತ್ತಾರೆ.

ಆ ವರ್ಷ ನಮ್ಮ ಆಸ್ಪತ್ರೆಗೆ ಸರ್ಟಿಫಿಕೇಟಿನ ಹುಚ್ಚು ಹಿಡಿದಿತ್ತು. ಎಲ್ಲಿಂದಲೋ ತಪಾಸಣೆಯವರು ಬರುತ್ತಾರೆ, ಎಲ್ಲವನ್ನೂ ನೋಡುತ್ತಾರೆ, ಒಪ್ಪಿದರೆ ಚೌಕಟ್ಟು ಹಾಕಿದ ಒಂದು ಕಾಗದ ಕೊಡುತ್ತಾರೆ, ಅದನ್ನು ಗಣಪತಿಯ ತಲೆಯ ಮೇಲೆ ನೇತುಹಾಕಬೇಕು. ಇದಕ್ಕಾಗಿ ಒಬ್ಬ ಮೇಡಂ ಬಂದರು. ಗುಣಮಟ್ಟ ನೋಡಿಕೊಳ್ಳುವುದು ಅವರ ಕೆಲಸ, ಆದ್ದರಿಂದ ಎಲ್ಲರೂ ಕ್ವಾಲಿಟಿ ಮೇಡಂ ಎನ್ನುತ್ತಿದ್ದೆವು. ಅವರು ರೋಗಿಯನ್ನು ಮುಟ್ಟಿದ್ದನ್ನು ನಾನು ಕಂಡಿಲ್ಲ. ಕಾಗದವನ್ನು ಮಾತ್ರ ಎಳೆ ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. "ಫಾರಂ ತುಂಬಿಲ್ಲ ಅಂದ್ರೆ ಕೆಲಸ ಆಗಿಲ್ಲ ಅಂತ ಅರ್ಥ ಸಿಸ್ಟರ್," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನಾವೇನು ದಡ್ಡರೇ? ಫಾರಂ ತುಂಬಿದರೆ ಕೆಲಸ ಆಯಿತು ಎಂದು ಬೇಗನೇ ಅರ್ಥ ಮಾಡಿಕೊಂಡೆವು.

ಕೈ ಕಟ್ಟುವುದಕ್ಕೂ ಒಂದು ಫಾರಂ ಬಂತು. ನಿಜ ಹೇಳಬೇಕೆಂದರೆ ಅದು ಒಳ್ಳೆಯ ಫಾರಂ. ಕಟ್ಟುವ ಮೊದಲು ರೋಗಿ ಯಾಕೆ ಚಡಪಡಿಸುತ್ತಿದ್ದಾನೆ ಎಂದು ಹುಡುಕಿ. ಮಾತಾಡಿಸಿ. ಮನೆಯವರನ್ನು ಕರೆಸಿ ಪಕ್ಕದಲ್ಲಿ ಕೂರಿಸಿ. ಅದ್ಯಾವುದಕ್ಕೂ ಬಗ್ಗದಿದ್ದರೆ ಮಾತ್ರ ಡಾಕ್ಟರರ ಬರಹದ ಅಪ್ಪಣೆ ಪಡೆದು ಕಟ್ಟಿ. ಯಾಕೆ ಕಟ್ಟಿದೆವು ಎಂದು ಮನೆಯವರಿಗೆ ತಿಳಿಸಿ. ಪಟ್ಟಿಯ ಕೆಳಗೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು. ಪಕ್ಕದ ಎತ್ತಿ ಇಳಿಸುವ ಕಂಬಿಗೆ ಕಟ್ಟಬೇಡಿ, ಮಂಚದ ಚೌಕಟ್ಟಿಗೆ ಕಟ್ಟಿ. ಎರಡು ಗಂಟೆಗೊಮ್ಮೆ ಬಿಚ್ಚಿ, ಕೈಯಾಡಿಸಿ, ಬಣ್ಣ ನೋಡಿ, ಬಿಸಿ ನೋಡಿ, ಬೆರಳು ಆಡುತ್ತದೆಯೇ ನೋಡಿ. ಎಂಟು ಗಂಟೆ, ಹತ್ತು ಗಂಟೆ, ಹನ್ನೆರಡು, ಎರಡು. ಒಂದೊಂದು ಹೊತ್ತಿಗೂ ಒಂದೊಂದು ಸಾಲು ಚೌಕಗಳು, ಪ್ರತಿ ಚೌಕದಲ್ಲೂ ಟಿಕ್.

ಬರೆದವರು ಯಾರೋ ಪುಣ್ಯಾತ್ಮರು, ರೋಗಿಯ ಪಕ್ಕದಲ್ಲಿ ನಿಂತು ಬರೆದಿದ್ದರು. ನಾವು ಅದನ್ನು ಓದಿದ್ದು ಸಂತೆಗೆ ಹೊರಟವರ ಹಾಗೆ ನಿಂತ ಕಾಲಲ್ಲಿ. ಬೆಳಿಗ್ಗೆ ಪಾಳಿಗೆ ಬಂದ ಕೂಡಲೇ ಮಧ್ಯಾಹ್ನ ಎರಡು ಗಂಟೆಯವರೆಗಿನ ಚೌಕಗಳನ್ನೆಲ್ಲ ಒಂದೇ ಉಸಿರಿಗೆ ತುಂಬಿ ಮುಗಿಸುತ್ತಿದ್ದೆವು. ಆಮೇಲೆ ನಿಶ್ಚಿಂತೆ. ಆದರೆ ಒಂದೇ ಶಾಯಿಯಲ್ಲಿ ಒಂದೇ ಓಟಕ್ಕೆ ತುಂಬಿದ್ದು ನೋಡಿದವರಿಗೆ ಗೊತ್ತಾಗಿಬಿಡುತ್ತದಲ್ಲ, ಅದಕ್ಕೆ ನಾನೊಂದು ಉಪಾಯ ಕಂಡುಹಿಡಿದೆ. ಜೇಬಿನಲ್ಲಿ ಎರಡು ಪೆನ್ನು. ಎಂಟು ಗಂಟೆಯ ಸಾಲಿಗೆ ನೀಲಿ, ಹತ್ತಕ್ಕೆ ಕಪ್ಪು, ಹನ್ನೆರಡಕ್ಕೆ ಮತ್ತೆ ನೀಲಿ. ನಡುವೆ ಒಂದು ಟಿಕ್ಕನ್ನು ಸ್ವಲ್ಪ ಸೊಟ್ಟ ಹಾಕಬೇಕು, ಕೆಲಸದ ಅವಸರದಲ್ಲಿ ಹಾಕಿದ್ದು ಅನ್ನಿಸಬೇಕು. ನಮ್ಮ ಇನ್‌ಚಾರ್ಜ್ ಸಿಸ್ಟರ್ ಇದನ್ನು ನೋಡಿ, "ನೀನು ನರ್ಸ್ ಆಗ್ಬಾರ್ದಾಗಿತ್ತು ಕಣೇ, ಪೊಲೀಸ್ ಸ್ಟೇಷನ್ನಲ್ಲಿ ರೈಟರ್ ಆಗ್ಬೇಕಿತ್ತು," ಎಂದು ಮೆಚ್ಚಿ ಎಲ್ಲ ಪಾಳಿಯವರಿಗೂ ಎರಡೆರಡು ಪೆನ್ನು ಹಂಚಿದರು. ನಾನು ಉಬ್ಬಿಹೋದೆ.

ಫಾರಂ ಬಂದ ಮೇಲೆ ತರಬೇತಿಯೂ ಬಂತು. ಮೂರನೇ ಮಹಡಿಯ ಸಭಾಂಗಣದಲ್ಲಿ ಹಳೆಯದೊಂದು ಮಂಚ ಹಾಕಿಸಿ, ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ಇಂಗ್ಲಿಷಿನಲ್ಲಿ ಚಿತ್ರಗಳನ್ನು ತೋರಿಸುತ್ತ ಕ್ವಾಲಿಟಿ ಮೇಡಂ ಒಂದು ಗಂಟು ಕಲಿಸಿದರು. ತುದಿ ಹಿಡಿದು ಎಳೆದರೆ ತಕ್ಷಣ ಬಿಚ್ಚಿಕೊಳ್ಳುವ ಗಂಟು. ರೋಗಿಗೆ ಏನಾದರೂ ಆದರೆ ಚಣದಲ್ಲಿ ಕೈ ಬಿಡಿಸಬೇಕಲ್ಲ, ಅದಕ್ಕೆ. ರೋಗಿಯ ಪಾತ್ರಕ್ಕೆ ಯಾರು ಬರ್ತೀರಿ ಅಂದರು. ಎಲ್ಲರೂ ನನ್ನನ್ನು ತೋರಿಸಿದರು. ಸರಿ, ಮಲಗಿದೆ. ಎರಡೂ ಕೈ ಕಟ್ಟಿದರು, ಎಲ್ಲರೂ ಫೋಟೋ ತೆಗೆದುಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಬಿಸಿ ಬಜ್ಜಿ ಬಂದಿದೆ ಎಂದರು ನೋಡಿ, ಹಾಲ್ ಖಾಲಿ. ಎದ್ದು ಹೋದವರಲ್ಲಿ ಒಬ್ಬಳಿಗಾದರೂ ಮಂಚದ ಮೇಲೆ ಒಂದು ಹೆಣ ಬಿದ್ದಿದೆ ಎಂಬ ನೆನಪು ಬೇಡವೇ!

ಮೊದಲ ನಿಮಿಷ ನಗು ಬಂತು. ಎರಡನೇ ನಿಮಿಷಕ್ಕೆ ಮೂಗಿನ ತುದಿ ಕೆರೆಯತೊಡಗಿತು. ಕೈ ಇದ್ದಾಗ ಮೂಗು ಇದೆ ಎಂಬುದೇ ಗೊತ್ತಿರುವುದಿಲ್ಲ, ಈಗ ಮೈಯೆಲ್ಲ ಮೂಗೇ ಆಯಿತು. ಭುಜಕ್ಕೆ ಉಜ್ಜಲು ನೋಡಿದೆ, ಎಟುಕಲಿಲ್ಲ. ಕೂಗಿದೆ, ಯಾರೂ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಎಲ್ಲರೂ ಬಜ್ಜಿ ತಿನ್ನುವ ಸದ್ದು ಚೆನ್ನಾಗಿ ಕೇಳಿಸುತ್ತಿತ್ತು. ಕೊನೆಗೆ ಲೋಟ ಎತ್ತಲು ಬಂದ ನಮ್ಮ ಹಳೆಯ ಆಯಾ ಒಳಗೆ ಇಣುಕಿದಳು.

"ಅಯ್ಯೋ ಸಿಸ್ಟರೇ, ಏನ್ ತೆಪ್ ಮಾಡಿದ್ರಿ? ಯಾಕ್ ಇಂಗ್ ಕಟ್ಟಾಕವ್ರೆ?"

"ಟ್ರೈನಿಂಗ್ ಕಣಮ್ಮ. ಮೊದ್ಲು ನನ್ ಮೂಗು ಕೆರಿ, ನಿನ್ ದಮ್ಮಯ್ಯ!"

ಕೆರೆದಳು. ಆಮೇಲೆ ಗಂಟನ್ನು ಹಿಂದೆ ಮುಂದೆ ನೋಡಿ, ತುದಿ ಹಿಡಿದು ಎಳೆದಳು. ಸರಕ್ಕನೆ ಬಿಚ್ಚಿಕೊಂಡಿತು. "ಇಷ್ಟೇಯಾ? ಇದು ನಮ್ ಲಂಗದ್ ಲಾಡಿ ಗಂಟಲ್ವಾ! ಇದ್ನ ಯೇಳ್ಕೊಡಕ್ಕೆ ಅಷ್ಟು ದೊಡ್ ಟಿವಿ ಬೇಕಿತ್ತಾ?" ಎಂದು ನಕ್ಕು ಲೋಟ ಎತ್ತಿಕೊಂಡು ಹೋದಳು.

ಹತ್ತು ನಿಮಿಷ ಕಟ್ಟಿಸಿಕೊಂಡು ಬಿದ್ದಿದ್ದವಳಿಗೆ ಬುದ್ಧಿ ಬಂತು ಎಂದುಕೊಳ್ಳಬೇಡಿ. ತರಬೇತಿ ಮುಗಿಸಿದ್ದೇನೆ ಎಂಬ ಕಾಗದ ಬಂತು. ನನಗೆ ಒಂದೂ ಬಜ್ಜಿ ಉಳಿಸಿರಲಿಲ್ಲ ಎಂದು ಎರಡು ದಿನ ಇನ್‌ಚಾರ್ಜ್ ಸಿಸ್ಟರ್ ಜೊತೆ ಮಾತು ಬಿಟ್ಟಿದ್ದೆ, ಅಷ್ಟೇ.

ಮಣಿಕಟ್ಟಿಗೆ ಹಾಕಲೆಂದು ಒಳಗೆ ಮೆತ್ತನೆಯ ಸ್ಪಂಜು ಇರುವ ನಾಲ್ಕು ಜೊತೆ ಪಟ್ಟಿಗಳನ್ನೂ ಆಸ್ಪತ್ರೆ ತರಿಸಿತ್ತು. ಅವು ಬೀರುವಿನಲ್ಲಿದ್ದವು. ಬೀರುವಿನ ಕೀಲಿ ಇನ್‌ಚಾರ್ಜ್ ಸಿಸ್ಟರ್ ಸೊಂಟದಲ್ಲಿತ್ತು. ಕೇಳಿದರೆ, "ಮುಟ್ಬೇಡಿ ಕಣ್ರೇ, ತಪಾಸಣೆಯವ್ರು ಬಂದಾಗ ಹೊಸದಾಗಿ ಕಾಣ್ಬೇಕು," ಎನ್ನುತ್ತಿದ್ದರು. ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ರೋಗಿಗಳಿಗೆ ಮೊದಲಿನಂತೆ ಬ್ಯಾಂಡೇಜು ಬಟ್ಟೆಯೇ ಗತಿಯಾಯಿತು.

ಇಂಥ ದಿನಗಳಲ್ಲಿ ಆ ಹಿರಿಯರು ಬಂದರು. ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಸಗಟು ಅಂಗಡಿ ಇಟ್ಟವರು, ಎಪ್ಪತ್ತರ ಹತ್ತಿರದ ವಯಸ್ಸು. ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿ, ನಮ್ಮಲ್ಲಿಗೆ ತರುವಷ್ಟರಲ್ಲಿ ಉಸಿರು ಎಳೆಯುತ್ತಿದ್ದರು. ಪ್ರಜ್ಞೆ ಇರಲಿಲ್ಲ. ಟ್ಯೂಬ್ ಹಾಕಬೇಕಿತ್ತು. ಅಂಗಿ ಬಿಚ್ಚಿದಾಗ ಎದೆಯ ಮೇಲೆ ದಾರದಲ್ಲಿ ಬೆಳ್ಳಿಯ ಕರಡಿಗೆ. ಒಳಗೆ ಇಷ್ಟಲಿಂಗ. ಅದೇನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ನಮ್ಮ ಮನೆಯವರೂ ಕಟ್ಟಿಕೊಂಡವರೇ. ಆದರೆ ಎದೆಯ ಮೇಲೆ ವೈರುಗಳನ್ನು ಅಂಟಿಸಬೇಕು, ಡಾಕ್ಟರು ಬೇಗ ಬೇಗ ಎನ್ನುತ್ತಿದ್ದಾರೆ. ತಲೆಯ ಮೇಲಿಂದ ತೆಗೆದೆ, ಪ್ಲಾಸ್ಟಿಕ್ ಕವರಿಗೆ ಹಾಕಿದೆ, ಹೊರಗೆ ನಿಂತಿದ್ದ ಅವರ ಹೆಂಡತಿಯ ಕೈಗೆ ಕೊಟ್ಟೆ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಏನೋ ಹೇಳಲು ಬಾಯಿ ತೆರೆದರು. "ಆಮೇಲ್ ಮಾತಾಡಣ ಅಮ್ಮ," ಎಂದು ಒಳಗೆ ಓಡಿದೆ. ಆ ಹೊತ್ತಿಗೆ ನಾನು ಮಾಡಿದ್ದು ಸರಿಯೇ. ಆ 'ಆಮೇಲೆ' ಬಂದದ್ದು ಮಾತ್ರ ನಾಲ್ಕನೇ ದಿನ.

ಮಾರನೇ ದಿನ ಬೆಳಿಗ್ಗೆ ಅವರಿಗೆ ಸ್ವಲ್ಪ ಎಚ್ಚರವಾಯಿತು. ಕಣ್ಣು ಮುಚ್ಚಿದ್ದರೂ ಎಡಗೈ ಮೇಲೆದ್ದು ಎದೆಯ ಕಡೆ ಹೋಯಿತು. ಎದೆಯ ಮೇಲೆ ವೈರು, ಅದರ ಮೇಲೆ ಟ್ಯೂಬು. "ಕೀಳ್ತಾರೆ, ಕೀಳ್ತಾರೆ!" ಎಂದು ನಾನೇ ಕೂಗಿದೆ. ಕೈ ಕೆಳಗಿಟ್ಟರೆ ಮತ್ತೆ ಏಳುತ್ತದೆ, ಎದೆ ತಡಕುತ್ತದೆ, ಅಲ್ಲೇನೋ ಹುಡುಕುತ್ತದೆ. ಟ್ಯೂಬನ್ನು ಆ ಕೈ ಒಂದು ಸಲವೂ ಹಿಡಿದಿರಲಿಲ್ಲ ಎಂಬುದು ಈಗ ಕೂತು ಯೋಚಿಸಿದರೆ ಗೊತ್ತಾಗುತ್ತದೆ. ಆಗ ಯೋಚಿಸಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದರೆ, "ಕಟ್ಟಿ ಸಿಸ್ಟರ್, ಬಂದು ಬರೀತೀನಿ," ಎಂದರು. ಯಾಕೆ ಚಡಪಡಿಕೆ ಎಂದು ಹುಡುಕಿದಿರಾ? ಟಿಕ್. ಮಾತಾಡಿಸಿದಿರಾ? ಟಿಕ್. ಮನೆಯವರನ್ನು ಕರೆಸಿದಿರಾ? ಟಿಕ್. ಮೂರೂ ಟಿಕ್ಕಿಗೆ ಹಿಡಿದದ್ದು ಮೂರು ಸೆಕೆಂಡು.

ಮೊದಲು ನಾನು ಕಟ್ಟಿದ್ದು ಆ ಲಾಡಿ ಗಂಟನ್ನೇ, ಎಡಗೈಗೆ. ಅತ್ತ ತಿರುಗಿ ಇತ್ತ ತಿರುಗುವಷ್ಟರಲ್ಲಿ ಬಲಗೈಯಿಂದ ತುದಿ ಎಳೆದು ಬಿಚ್ಚಿಬಿಟ್ಟರು. ಮತ್ತೆ ಕಟ್ಟಿದೆ. ಮತ್ತೆ ಬಿಚ್ಚಿದರು. ಕಣ್ಣು ಬಿಡದೆಯೇ! ನಲವತ್ತು ವರ್ಷ ಮೂಟೆಗಳ ಗಂಟು ಬಿಚ್ಚಿದ ಬೆರಳುಗಳವು, ನನ್ನ ಗಂಟು ಯಾವ ಲೆಕ್ಕ? ಆ ಕಡೆ ಹೊಸ ಸಿಸ್ಟರುಗಳು ಕಿಸಕ್ಕೆಂದರು. ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಹದಿನಾರು ವರ್ಷದ ಸರ್ವೀಸಿನವಳನ್ನು ಪ್ರಜ್ಞೆ ಇಲ್ಲದ ಮುದುಕರೊಬ್ಬರು ಸೋಲಿಸುವುದೆಂದರೇನು! ಬಲಗೈಯಲ್ಲಿ ಡ್ರಿಪ್ ಇತ್ತು, ಆ ಕೈಯನ್ನು ಸಡಿಲವಾಗಿ ಆ ಕಡೆಗೆ ಕಟ್ಟಿದೆ. ಎಡಗೈಗೆ ಜೀರುಗುಣಿಕೆ ಹಾಕಿದೆ. ಎಳೆದಷ್ಟೂ ಬಿಗಿಯಾಗುವ ಉರುಲು ಅದು, ಬುದ್ಧಿ ಇರುವವರು ಕರುವಿನ ಕೊರಳಿಗೂ ಹಾಕುವುದಿಲ್ಲ. ಚೌಕಟ್ಟಿಗೆ ಬಗ್ಗಿ ಕಟ್ಟಲು ಸೊಂಟ ನೋವು ಎಂದು ಎತ್ತಿ ಇಳಿಸುವ ಕಂಬಿಗೇ ಸುತ್ತಿದೆ. "ಈಗ ಬಿಚ್ಚಿ ನೋಡಣ ಯಜಮಾನ್ರೇ," ಎಂದೆ. ಎಲ್ಲರೂ ನಕ್ಕರು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಎಕ್ಸ್‌ರೇ ತೆಗೆಯುವವರು ಬಂದಾಗ ಕಂಬಿ ಕೆಳಗಿಳಿಯುತ್ತಿತ್ತು, ಕೈಯೂ ಅದರ ಜೊತೆಗೆ ಎಳೆದುಕೊಂಡು ಹೋಗುತ್ತಿತ್ತು. ಮೈ ಒರೆಸುವಾಗಲೂ ಅಷ್ಟೇ. ಒಂದೊಂದು ಎಳೆತಕ್ಕೂ ಉರುಲು ಒಂದೊಂದು ನೂಲು ಬಿಗಿಯಾಗುತ್ತಿತ್ತು. ಇತ್ತ ನಾನು ಎಂಟು ಗಂಟೆಗೆ ಬಂದು ಮಂಚದ ಪಕ್ಕ ನಿಂತು, ಬಣ್ಣ ಸರಿ, ಬಿಸಿ ಸರಿ, ಬೆರಳಿನ ಚಲನೆ ಸರಿ, ನೀಲಿ, ಕಪ್ಪು, ನೀಲಿ. ಮಿಕ್ಕ ಪಾಳಿಯ ಹುಡುಗಿಯರು ನನ್ನ ಶಿಷ್ಯೆಯರು, ಹಿಂದಿನ ಹಾಳೆ ನೋಡಿ ಮುಂದಿನ ಹಾಳೆ ತುಂಬಿದರು. ಹಿರಿಯರು ಆಗಾಗ ಅರೆಗಣ್ಣು ಬಿಟ್ಟು ಕಾಲು ಒದರುತ್ತಿದ್ದರು. ಅದನ್ನೂ ಬಿಡಲಿಲ್ಲ, 'ರೋಗಿ ಇನ್ನೂ ಉದ್ರಿಕ್ತ, ಕಟ್ಟು ಮುಂದುವರಿಸಿದೆ' ಎಂದು ಅಂದವಾಗಿ ಬರೆದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನನಗೆ ಅಂಗೈ ನೋಡುವುದಕ್ಕೂ ಫಾರಂ ಬೇಕಿತ್ತು.

ಇನ್ನೊಂದು ಶಾಸ್ತ್ರವಿತ್ತು ನಮ್ಮಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಮನೆಯವರನ್ನು ಐದು ನಿಮಿಷ ಒಳಗೆ ಬಿಡುವುದು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಇನ್‌ಚಾರ್ಜ್ ಸಿಸ್ಟರ್ "ಹೊದಿಕೇ..." ಎಂದು ರಾಗ ಎಳೆಯುತ್ತಿದ್ದರು. ನಾವು ಮಂಚದಿಂದ ಮಂಚಕ್ಕೆ ಓಡಿ, ಕಟ್ಟಿದ ಕೈಗಳ ಮೇಲೆಲ್ಲ ಹೊದಿಕೆ ಎಳೆದು ನೀಟಾಗಿ ಮಡಿಸುತ್ತಿದ್ದೆವು. ಕಟ್ಟಿದ್ದೇಕೆಂದು ಮನೆಯವರಿಗೆ ತಿಳಿಸಿದೆ ಎಂಬ ಚೌಕದಲ್ಲಿ ಟಿಕ್ ಇತ್ತಲ್ಲ, ಮತ್ತೆ ಬಾಯಲ್ಲಿ ಬೇರೆ ಯಾಕೆ ತಿಳಿಸಬೇಕು? ಎರಡು ದಿನವೂ ಬೆಲ್ಲದ ಯಜಮಾನರ ಹೆಂಡತಿ ಬಂದು ತಲೆಯ ಹತ್ತಿರ ನಿಂತು ಕೇಳಿದ್ದು ಒಂದೇ.

"ಸಿಸ್ಟರ್, ಅವ್ರ ಕೈ ಒಂಚೂರು ಹಿಡ್ಕೊಬೋದಾ?"

"ಬೇಡಿ ಅಮ್ಮ. ಇನ್‌ಫೆಕ್ಷನ್ ಆಗತ್ತೆ."

ಆಕೆ ತಲೆ ಆಡಿಸಿ, ಎರಡೂ ಕೈ ಕಟ್ಟಿಕೊಂಡು ನಿಂತು ನೋಡಿ ಹೋಗುತ್ತಿದ್ದರು. ಹೋಗುವಾಗ, "ಪಾಪ, ಎಷ್ಟು ಚೆನ್ನಾಗಿ ನೋಡ್ಕೋತಾ ಇದೀರಿ. ನಿಮ್ ಹೊಟ್ಟೆ ತಣ್ಣಗಿರ್ಲಿ," ಎಂದು ಹರಸುತ್ತಿದ್ದರು.

ನಾಲ್ಕನೇ ದಿನ ಬೆಳಿಗ್ಗೆ ಅಣಕು ತಪಾಸಣೆ. ನಿಜವಾದವರು ಬರುವ ಮೊದಲು ಕ್ವಾಲಿಟಿ ಮೇಡಂ ತಾವೇ ತಪಾಸಣೆಯವರಂತೆ ಮುಖ ಮಾಡಿಕೊಂಡು ಬರುವುದು. ಹಾಳೆಗಳು ಅಚ್ಚುಕಟ್ಟಾಗಿದ್ದುದರಿಂದ ನಮ್ಮ ಬೆಲ್ಲದ ಯಜಮಾನರ ಮಂಚವನ್ನೇ ಮಾದರಿ ಎಂದು ಆರಿಸಿದ್ದರು. ಮೇಡಂ ಬಂದರು, ಫಾರಂ ಎರಡೂ ಕೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದು ಓದಿದರು. ಒಂದು ಚೌಕವೂ ಖಾಲಿ ಇಲ್ಲ. "ನೋಡ್ರಿ ಎಲ್ಲರೂ, ಹಿಂಗ್ ಬರೀಬೇಕು!" ಎಂದು ಹಾಳೆಯ ಫೋಟೋ ತೆಗೆದುಕೊಂಡರು. ಅವರ ಮೊಣಕೈಯಿಂದ ಒಂದು ಗೇಣು ಆಚೆ, ಹೊದಿಕೆಯ ಕೆಳಗೆ, ಆ ಹಾಳೆ ಯಾವ ಕೈಯ ಬಗ್ಗೆಯೋ ಆ ಕೈ ಇತ್ತು. ಹೊದಿಕೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಹೊಗಳಿಸಿಕೊಳ್ಳುವುದರಲ್ಲಿ ಮುಳುಗಿದ್ದೆ.

ಅವರು ಅತ್ತ ಹೋದರು, ಹನ್ನೊಂದಾಯಿತು, ಹೆಂಡತಿ ಬಂದರು. ಅವತ್ತು ಸೆರಗಿನ ತುದಿಯಲ್ಲಿ ಏನೋ ಗಂಟು. ಬಿಚ್ಚಿದರೆ ನಾನೇ ಕೊಟ್ಟ ಪ್ಲಾಸ್ಟಿಕ್ ಕವರು, ಅದರೊಳಗೆ ಕರಡಿಗೆ.

"ಸಿಸ್ಟರ್, ಬಯ್ಬೇಡಿ. ಇದನ್ನ ಒಂದ್ ಗಳಿಗೆ ಅವ್ರ ಎದೆ ಮೇಲಿಡ್ಲಾ? ಮಠಕ್ಕೋಗಿ ಅಯ್ನೋರ್ನ ಕೇಳ್ಕೊಂಡ್ ಬಂದಿದೀನಿ. ಕವರ್‌ನಲ್ಲೇ ಇರ್ಲಿ ಬುಡಮ್ಮ, ಮೈ ಮೇಲಿದ್ರೆ ಸಾಕು ಅಂದ್ರು."

"ಈಗ್ಯಾಕಮ್ಮ? ಹುಷಾರಾಗ್ಲಿ, ಆಮೇಲೆ..."

"ಅಂಗಲ್ಲ ಕಣಮ್ಮ. ಅವ್ರಿಗೆ ಎಚ್ರ ಆಗ್ತಿದ್ದಂಗೆ ಎಡಗೈ ಎದೆಗೋಗ್ಬೇಕು. ಮದ್ವೆ ಆದಾಗಿಂದ ನೋಡ್ತಾ ಇದೀನಿ. ಅದನ್ನ ಮುಟ್ಟಿ ನೋಡ್ಕೊಂಡೇ ಕಣ್ ಬಿಡೋದು. ಅದು ಕೈಗೆ ಸಿಗ್ದೇ ಹೋದ್ರೆ ಗಾಬರಿ ಬಿದ್ದೋಗ್ತಾರೆ. ಅವತ್ತೇ ಹೇಳಣ ಅನ್ಕೊಂಡೆ, ನೀವು ಅವಸರದಲ್ಲಿದ್ರಿ."

ನಮ್ಮಮ್ಮನೂ ಹಾಗೆಯೇ ಏಳುತ್ತಿದ್ದಳು. ನಾನೂ ಹಾಗೆಯೇ ಏಳುತ್ತಿದ್ದೆ, ನರ್ಸಿಂಗ್ ಸೇರಿ, ಯೂನಿಫಾರಂ ಮೇಲೆ ಏನೂ ಇರಬಾರದು ಎಂದು ನನ್ನದನ್ನು ಬಿಚ್ಚಿ ಅಮ್ಮನ ದೇವರ ಗೂಡಿನಲ್ಲಿ ಇಡುವ ತನಕ. ಬೇರೆ ಯಾರಿಗೂ ಗೊತ್ತಾಗದಿದ್ದರೆ ಹೋಗಲಿ, ಕೇರಳದಿಂದ ಬಂದ ಸಿಸ್ಟರಿಗೆ, ಉತ್ತರದ ಡಾಕ್ಟರಿಗೆ ಗೊತ್ತಾಗದಿದ್ದರೆ ಹೋಗಲಿ. ಆ ಕೈ ಏನನ್ನು ಹುಡುಕುತ್ತಿದೆ ಎಂದು ಆ ಐಸಿಯುನಲ್ಲಿ ನೋಡಿದ ಕೂಡಲೇ ಹೇಳಬೇಕಾಗಿದ್ದವಳು ನಾನೊಬ್ಬಳೇ. ನಾನು ಆ ಕೈಗೆ ಉರುಲು ಹಾಕಿದ್ದೆ. ಥೂ ನನ್ನ ಜನ್ಮಕ್ಕೆ ಎನ್ನಿಸಿತು.

ಹೊದಿಕೆ ಎತ್ತಿದೆ.

ಕೈ ಬಾತು ಬದನೆಯ ಬಣ್ಣಕ್ಕೆ ತಿರುಗಿತ್ತು. ಬ್ಯಾಂಡೇಜು ಎಲ್ಲಿದೆ ಎಂದೇ ಕಾಣಲಿಲ್ಲ, ಊದಿದ ಮಾಂಸದ ನಡುವೆ ಒಂದು ಗೆರೆಯಾಗಿ ಒಳಗೆ ಹೋಗಿತ್ತು. ಎರಡು ಬೆರಳು ಹೋಗುವ ಮಾತಿರಲಿ, ನನ್ನ ಉಗುರೂ ಹೋಗಲಿಲ್ಲ. ಬಿಚ್ಚಲು ಬರಲಿಲ್ಲ. ಕತ್ತರಿಯ ತುದಿ ತೂರಿಸಿ ಕತ್ತರಿಸಿದೆ. ಆಕೆ ಎಲ್ಲವನ್ನೂ ನೋಡುತ್ತ ನಿಂತಿದ್ದರು.

"ಕಟ್ಟಿದ್ರಾ?" ಎಂದರು ಸಣ್ಣ ದನಿಯಲ್ಲಿ.

"ಟ್ಯೂಬ್ ಕಿತ್ಕೊಂಡ್ರೆ ಜೀವಕ್ಕೇ ಅಪಾಯ ಅಮ್ಮ, ಅದಕ್ಕೆ." ಇದು ನಿಜ. "ಊತ ಬಂದಿರೋದು ಡ್ರಿಪ್ ನೀರಿಗೆ. ಐಸಿಯುನಲ್ಲಿ ಎಲ್ರಿಗೂ ಬರತ್ತೆ." ಇದು ಸುಳ್ಳು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದೆ. ಅಭ್ಯಾಸ ಇತ್ತಲ್ಲ.

"ನಿಮಗ್ ಗೊತ್ತಿರತ್ತೆ ಬುಡಿ," ಎಂದು ಆಕೆ ಕರಡಿಗೆಯನ್ನು ಕವರಿನ ಸಮೇತ ಆ ಅಂಗೈಯಲ್ಲಿಟ್ಟರು. ಬೆರಳುಗಳು ಮಡಚಿಕೊಳ್ಳಲಿಲ್ಲ. ಜಾರಿತು. ಆಕೆ ಮತ್ತೆ ಇಟ್ಟರು, ಮತ್ತೆ ಜಾರಿತು. ಕೊನೆಗೆ ಎದೆಯ ಮೇಲಿಟ್ಟು, ನಾನೇ ಅವರ ಕೈಯನ್ನು ಎತ್ತಿ ಅದರ ಮೇಲಿಟ್ಟೆ. ಹಿರಿಯರು ಪೂರ್ತಿ ಕಣ್ಣು ಬಿಟ್ಟರು. ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ಕಾಲು ಒದರುವುದು ನಿಂತಿತು. ಮಂಚದ ಕಾಲ ಬಳಿ ಫಾರಂ ತೂಗುತ್ತಿತ್ತು. ಹನ್ನೆರಡು ಗಂಟೆಗೆ ಬೆರಳಿನ ಚಲನೆ ಸರಿ, ಎರಡು ಗಂಟೆಗೆ ಬೆರಳಿನ ಚಲನೆ ಸರಿ ಎಂದು ಅದರಲ್ಲಿ ಬರೆದಿತ್ತು. ಗಡಿಯಾರದಲ್ಲಿ ಹನ್ನೊಂದೂ ಕಾಲು.

ಕರಡಿಗೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ಕವರಿಗೆ ಹಾಕಿ ಎದೆಗೆ ಪಟ್ಟಿ ಅಂಟಿಸಿದೆವು. ಆಮೇಲೆ ಅವರನ್ನು ಕಟ್ಟಬೇಕಾಗಲೇ ಇಲ್ಲ. ಹೇಳಿದ ಮಾತನ್ನೆಲ್ಲ ಕೇಳಿಸಿಕೊಂಡು ಸುಮ್ಮನೆ ಮಲಗಿದ್ದರು. ಎರಡು ದಿನಕ್ಕೆ ಟ್ಯೂಬ್ ತೆಗೆದರು. ಒಂದು ಪ್ಲಾಸ್ಟಿಕ್ ಕವರಿನಷ್ಟು ಕೆಲಸಕ್ಕೆ ನಾನು ಮೂರು ದಿನ ಯುದ್ಧ ಮಾಡಿದ್ದೆ.

ಕೈ ಕೆಟ್ಟದ್ದರ ಬಗ್ಗೆ ಬರೆಯಲು ಮತ್ತೊಂದು ಫಾರಂ ಇತ್ತು, ಕೇಳಬೇಕೇ! ಕ್ವಾಲಿಟಿ ಮೇಡಂ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. "ಮುಂದಿನ ವಾರ ತಪಾಸಣೆ ಇಟ್ಕೊಂಡು ಕಟ್ಟಿದ್ರಿಂದ ಆಯ್ತು ಅಂತ ಬರೀತೀರಾ? ನಿಮ್ ಫಾರಂನಲ್ಲೇ ಎಲ್ಲಾ ಸರಿ ಇದೆಯಲ್ಲ. ನೀರಿನ ಊತ ಅಂತ ಬರೀರಿ." ನನ್ನದೇ ಸುಳ್ಳನ್ನು ನನಗೇ ವಾಪಸು ಕೊಟ್ಟರು. ಎಲ್ಲರಿಗೂ ಎದುರು ಮಾತಾಡುವ ನನ್ನ ಉದ್ದ ನಾಲಿಗೆ ಅವತ್ತು ಒಳಗೆ ಮಡಿಸಿಕೊಂಡು ಕೂತಿತು. ಕೆಲಸ ಹೋದರೆ ಏನು ಗತಿ ಎಂದು ಹೆದರಿದೆ. ನೀರಿನ ಊತ ಎಂದು ಬರೆದು ಸಹಿ ಹಾಕಿದೆ. ಸರ್ಟಿಫಿಕೇಟು ಬಂತು, ಗಣಪತಿಯ ತಲೆಯ ಮೇಲೆ ನೇತಾಡಿತು, ಎಲ್ಲರಿಗೂ ಒಂದೊಂದು ಮೈಸೂರುಪಾಕು ಕೊಟ್ಟರು. ನಾನು ಅದನ್ನೂ ತಿಂದೆ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಪಾಳಿ ಮುಗಿಸಿ ಹೊರಡುವಾಗ, ಕೈಕಾಲುಗಳಿಗೆ ವ್ಯಾಯಾಮ ಮಾಡಿಸುವ ಕೋಣೆಯ ಮುಂದಿನ ಬೆಂಚಿನಿಂದ "ತಾಯೀ," ಎಂದು ಯಾರೋ ಕರೆದರು. ಬೆಲ್ಲದ ಯಜಮಾನರು. ಮೈ ತುಂಬಿಕೊಂಡಿತ್ತು. ಅಂಗಿಯ ಒಳಗೆ ಕರಡಿಗೆಯ ಉಬ್ಬು ಕಾಣುತ್ತಿತ್ತು. ಎಡಗೈಯ ಕಡೆಯ ಎರಡು ಬೆರಳು ಕೊಕ್ಕೆಯಂತೆ ಬಾಗಿ ಹಾಗೇ ನಿಂತಿದ್ದವು. ಪಕ್ಕದಲ್ಲಿ ಹೆಂಡತಿ ಇದ್ದರು. ಪೂಜೆಯ ಹೊತ್ತಿಗೆ ಲಿಂಗ ಅಂಗೈಯಲ್ಲಿ ನಿಲ್ಲುವುದಿಲ್ಲ, ಕೆಳಗೆ ತಾನು ಕೈ ಕೊಟ್ಟು ಹಿಡಿದಿರುತ್ತೇನೆ ಎಂದು ಆಕೆಯೇ ಹೇಳಿದರು, ದೂರಿನಂತಲ್ಲ, ಮನೆಯ ಸುದ್ದಿಯಂತೆ.

"ಕೂತ್ಕೊಳಿ ತಾಯಿ, ನಿಮ್ಮನ್ನ ಒಂದ್ ಮಾತ್ ಕೇಳ್ಬೇಕು," ಎಂದರು ಯಜಮಾನರು. ಕೂತೆ.

"ನಂಗೆಲ್ಲಾ ನೆನಪದೆ ಕಣಮ್ಮ. ಬಾಯ್ಗೆ ಪೈಪ್ ಹಾಕ್ಬುಟ್ಟಿದ್ರಿ, ಮಾತ್ ಆಡಂಗಿಲ್ಲ. ಕೈ ಮೊದ್ಲು ಜೋಮು ಹಿಡೀತು, ಆಮೇಲೆ ಉರಿ, ಅಪ್ಪಾ ಏನ್ ಉರಿ. ಕಡೇಗೆ ಏನೂ ಇಲ್ಲ, ಕೈಯೇ ಇಲ್ವೇನೋ ಅಂದಂಗೆ. ನೀವು ಪಕ್ಕಕ್ ಬಂದಾಗೆಲ್ಲ, ಸದ್ಯ ನೋಡ್ತಾರೆ ಅಂತ ಕಾಲ್ ಒದರ್ತಿದ್ದೆ. ನೀವು ಅಲ್ಲೇ ನಿಂತಿರೋರು. ಒಂದ್ ಪೆನ್ ಜೇಬಿಗ್ ಇಡೋರು, ಇನ್ನೊಂದ್ ಪೆನ್ ತಗಿಯೋರು. ಬರ್ದೂ ಬರ್ದೂ ಹೊರಟೋಗೋರು."

ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ಎದುರು ಮಾತಾಡುವುದು ನನಗೆ ಸುಲಭವಾಗುತ್ತಿತ್ತು. ಅಂಗಡಿಯಲ್ಲಿ ಕೂತವರು ಗಿರಾಕಿಯ ಊರು ಕೇರಿ ವಿಚಾರಿಸುವ ಹಾಗೆ, ಮುಖ ಮುಂದೆ ಮಾಡಿ ಕೇಳಿದರು.

"ಅಷ್ಟೊಂದ್ ಏನ್ ಬರೀತಿದ್ರಿ ತಾಯಿ, ನನ್ ಬಗ್ಗೆ?"

ನೀರಿನ ಊತ ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಹೆಂಡತಿಯೂ ನನ್ನ ಮುಖ ನೋಡುತ್ತಿದ್ದರು.

"ನಿಮ್ ಕೈ ಚೆನ್ನಾಗಿದೆ ಅಂತ," ಎಂದೆ.